ಒಂದು ನಿಮಿಷಕ್ಕ ಹನ್ನೆರಡು

ನನ್ನ ಗಂಡ ತಮ್ಮಣ್ಣ ಅರಬ್ ದೇಶದ ಅಲ್ ರೀಮ್ ಐಲ್ಯಾಂಡಿನಾಗ ಟವರ್ ಕ್ರೇನ್ ನಡಸಾಂವ. ನಲವತ್ತು ಅಂತಸ್ತಿನ ಮ್ಯಾಲೆ ಕುಂತು ಕಬ್ಬಿಣ ಎತ್ತಾಂವಗ ಈಗ ದವಾಖಾನಿ ಟ್ರೆಡ್‌ಮಿಲ್ ಮ್ಯಾಲೆ ನಡಿಯೋದ ಕೆಲಸ ಆಗೇತಿ. ಎದಿ ಹಿಡಕೊಂಡು ಬಿದ್ದು, ಸ್ಟೆಂಟ್ ಹಾಕಿಸ್ಕೊಂಡು ನಾಕು ತಿಂಗಳಾತು.

ನಡದು ನಿಂತ ಮ್ಯಾಲೆ ಒಂದು ನಿಮಿಷದಾಗ ಎದಿಬಡಿತ ಹನ್ನೆರಡಾದ್ರೂ ಇಳೀಬೇಕು ಅಂತ ಡಾಕ್ಟರ್ ಹೇಳಿದ್ರು. ಇಳದ್ರ ಎದಿ ಚೇತರಿಸ್ಕೊಂಡೈತಿ ಅಂತ. ಇಳೀಲಿಲ್ಲಂದ್ರ ಕ್ರೇನ್ ಹತ್ತಾಕ ಸಹಿ ಹಾಕಂಗಿಲ್ಲ. ಆಮ್ಯಾಲೆ ವೀಸಾ ಎಲ್ಲಿ ಬಂತು? ಗಂಟುಮೂಟಿ ಕಟ್ಟೋದ. ಮಗಳು ಶಿವಾನಿದು ಹತ್ತನೇತ್ತ ಪರೀಕ್ಷಿ ಇನ್ನೂ ಎರಡು ತಿಂಗಳೈತಿ.

ಹನ್ನೆರಡು ವಾರ, ವಾರಕ್ಕ ಮೂರು ಸಲ ನಡದಾನ. ಸಿಗರೇಟ್ ಬಿಟ್ಟ, ಉಪ್ಪಿನಕಾಯಿ ಬಿಟ್ಟ. ಆರೋ ಏಳೋ ಇಳಿತೈತಿ, ಮುಂದಕ್ಕ ಒಲ್ಲೆ ಅಂತೈತಿ. ಏನ್ ಧಾಡಿ ಬಡದೈತಿ ಅದಕ್ಕ! ನನಗ ಸಿಟ್ಟು ನೆತ್ತಿಗೇರಿತ್ತು, ಆದ್ರ ಎದಿಗೆ ಬೈಯಾಕ ಬರ್ತೈತೇನು?

ಹೋದ ವಾರ ದವಾಖಾನ್ಯಾಗ ಪರದೆ ಸರಿಸಿ ನೋಡಿದೆ. ಮಷೀನ್ ನಿಂತ ಕೂಡ್ಲೆ ನರ್ಸ್ ಖೈರುನ್ನಿಸ, ಮಂಗ್ಳೂರು ಕಡಿಯಾಕಿ, ರೂಢಿಯಂಗ ಖಲಾಸ್ ಅಂದ್ಲು. ಮುಗೀತು, ಕುಂದ್ರು ಅಂತ ಆಕಿ ಅರ್ಥ. ಆದ್ರ ಇವನ ಸೈಟಿನಾಗ ಫೋರ್ಮನ್ ಆ ಮಾತು ಅಂದ್ರ ನೌಕರಿ ಹೋತು ಅಂತ. ಜೋಡಿಗಿದ್ದ ಮುಝಮ್ಮಿಲ್‌ಗೂ ಹಂಗ ಅಂದು ಊರಿಗೆ ಕಳಿಸಿದ್ರು. ಆ ಮಾತು ಕಿವಿಗೆ ಬಿದ್ದದ್ದ ತಡ, ಇವನ ಬೆರಳು ಹಿಡಿಕಿಯನ್ನ ಬಿಗಿಯಾಗಿ ಅವಚಿಕೊಂಡ್ವು. ಈ ಮಾತಿಗೆ ಅಂಜೇ ಎದಿ ಇಳೀವಲ್ದು, ಕಳ್ಳ ಸಿಕ್ಕ ಅನಕೊಂಡೆ. ಖೈರುನ್ನಿಸನ ಕೈ ಹಿಡದು, ತಂಗಿ ಅದೊಂದು ಮಾತು ಬಿಡು ಅಂತ ಬೇಡ್ಕೊಂಡೆ. ಪಾಪ, ಒಪ್ಪಿದ್ಲು. ಮನಿಗೆ ಬಂದು ಖುಷಿಗೆ ಗೋಧಿ ಹುಗ್ಗಿ ಮಾಡಿದೆ.

ಇವತ್ತು ಕಡೀ ಪರೀಕ್ಷಾ. ಮಷೀನ್ ನಿಂತಿತು. ಖೈರುನ್ನಿಸ ತುಟಿ ಬಿಚ್ಚಲಿಲ್ಲ, ಕೈ ಸನ್ನಿ ಮಾಡಿ ಕುರ್ಚಿ ತೋರಿಸಿದ್ಲು. ಇವನೂ ಆರಾಮ ಕುಂತ, ನನ್ನ ನೋಡಿ ನಕ್ಕ. ನೂರಾ ಮೂವತ್ತೊಂದು ಇತ್ತು. ನಿಮಿಷ ಮುಗಿದಾಗ ನೂರಾ ಇಪ್ಪತ್ತೈದು. ಬರೀ ಆರು. ತಪ್ಪು ಮಾತಿಂದಲ್ಲ, ಎದೀದ.

ಡಾಕ್ಟರ್ ಕಾಗದ ನೋಡಿ ಪೆನ್ನು ಕಿಸೆದಾಗ ಇಟ್ಕೊಂಡ್ರು. ನಮ್ಮಾಂವ ತಾನ ತನ್ನ ಎದಿ ಮ್ಯಾಲಿನ ವಾಯರ್ ಒಂದೊಂದಾಗಿ ಬಿಚ್ಚಿ ಖೈರುನ್ನಿಸನ ಕೈಯಾಗ ಕೊಟ್ಟ. ಆಕಿಗೆ ಸಮಾಧಾನ ಹೇಳಾವ್ರಂಗ ಅಂದ:

"ಇನ್ನ ಅಂದುಬಿಡು ತಂಗಿ. ಖಲಾಸ್."