ಮೂರು ವಚನ ಮುಚ್ಚುವ ಹೆಬ್ಬೆರಳು

ಕೂಟದ ಹಿರಿಯ ಎಬರ್ಲೆಯ ಕಟ್ಟಿಸಿಕೊಂಡ ಹಲ್ಲು ಟಕ್ಕೆಂದಿತು, ಟಕ್ಕೆಂದರೆ ಹಿರಿಯರ ಮಾತು ಮುಗಿಯಿತು, ಮುಂದಿನ ಸರದಿ ತನ್ನದು ಎಂದು ಕೊನ್ರಾಡ್ ಕೋಟಿನ ಗುಂಡಿ ಸರಿಮಾಡಿಕೊಂಡ — ಭಾನುವಾರ ಮಧ್ಯಾಹ್ನ ಎರಡರ ಬೈಬಲ್ ಕೂಟ, ಮುಂದೆ ಸಹೋದರರ ಮೇಜು, ಮೇಜಿಗೆ ಆರು ಗಂಡಸರು, ಆರು ಬೈಬಲ್ಲು, ಎದುರು ಬೆಂಚುಗಳಲ್ಲಿ ಹೆಂಗಸರು, ಅವರಿಗೆ ಹಾಡುವುದಕ್ಕೆ ಬಾಯುಂಟು, ವಚನ ಬಿಡಿಸಿ ಹೇಳುವುದು ಮಾತ್ರ ಮೇಜಿನವರ ಹಕ್ಕು, ಅದರಲ್ಲೂ ಕೊನ್ರಾಡ್ ಬಿಡಿಸಿದರೆ! — ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಬಗ್ಗದ ವಚನವಿಲ್ಲ, ಅವನು ಬೈಬಲ್ಲಿನ ಕೊನೆಯ ಪ್ರಕಟನೆ ಗ್ರಂಥಕ್ಕೆ ಅರ್ಥ ಹೇಳಿದ ವರ್ಷ ಕಣಿವೆಯ ದ್ರಾಕ್ಷಿ ಒಂದು ವಾರ ಮೊದಲೇ ಹಣ್ಣಾಯಿತು, ಸ್ಟುಟ್‌ಗಾರ್ಟಿನಿಂದ ಬಂದ ಪಾದ್ರಿಯೊಬ್ಬ ಬರೆದುಕೊಂಡು ಬರೆದುಕೊಂಡು ಮೂರು ಪೆನ್ನು ಮುಗಿಸಿ ನಾಲ್ಕನೆಯದಕ್ಕೆ ಕೈಚಾಚಿದ, ಕೊನ್ರಾಡನೇ ಹೇಳಿದ ಮೇಲೆ ಸುಳ್ಳಿರುವುದು ಹೇಗೆ — ಇವತ್ತಿನ ಪಾಠವಂತೂ ಬಾಯಿಗೆ ಇಟ್ಟ ತುತ್ತು, ರಥದಲ್ಲಿ ಕೂತು ಓದುತ್ತಿರುವ ಐಥಿಯೋಪ್ಯದ ಅಧಿಕಾರಿ, ಪಕ್ಕದಲ್ಲಿ ಓಡಿ ಬರುವ ಸುವಾರ್ತೆಯ ಫಿಲಿಪ್ಪ, ಓದ್ತಿರೋದು ಅರ್ಥ ಆಗ್ತಿದೆಯಾ ಸ್ವಾಮಿ ಎಂದು ಅವನು ಕೇಳುವುದು, ಹೇಳಿಕೊಡೋರಿಲ್ದೆ ಹೇಗಪ್ಪಾ ಎಂದು ಅಧಿಕಾರಿ ಅನ್ನುವುದು, ಅಲ್ಲಿಗೆ ವಚನ ಬಿಡಿಸುವ ಕೊನ್ರಾಡನ ಪ್ರಖ್ಯಾತ ನಾಲ್ಕು ನಿಯಮ, ನಿದ್ದೆಯಲ್ಲಿ ತಿವಿದರೂ ಹೇಳಬಲ್ಲ, ಆದರೆ ಮೂರನೇ ಬೆಂಚಿನಲ್ಲಿ ನೀಲಿ ಕೊರಳಪಟ್ಟಿ, ಹೆಡ್ವಿಗ್, ನೋಡಬಾರದು, ನೋಡಿದ, ಮಂಗಳವಾರದ ರೈಲಿಗೆ ಹೋಗುತ್ತಾಳೆ, ಫ್ಲೆನ್ಸ್‌ಬುರ್ಗಿನ ತಂಗಿಯ ಮನೆಗೆ, ದೇಶದ ಆ ತುದಿಗೆ, ಇನ್ನೊಂದು ಹೆಜ್ಜೆ ಇಟ್ಟರೆ ಡೆನ್ಮಾರ್ಕ್, ಹೋದರೆ ತಿರುಗಿ ಬರುವವಳಲ್ಲ.

ಮೂರು ವಾರದ ಹಿಂದೆ ಕೊನ್ರಾಡನ ಬೇಕರಿಯ ಗಲ್ಲಾದ ಮುಂದೆ ನಿಂತು ಅವಳೇ ಕೇಳಿದ್ದು, ನಾಚಿಕೆಯಿಲ್ಲ, ಸುತ್ತುಬಳಸಿಲ್ಲ, ಆರು ಪ್ರೆಟ್ಜೆಲ್ ಕೊಡಿ, ಹಾಗೇ ಇನ್ನೊಂದು ಮಾತು, ನಾನೂ ಒಂಟಿ, ನೀವೂ ಒಂಟಿ, ಚಳಿಗಾಲದಲ್ಲಿ ಎರಡೆರಡು ಮನೆ ಯಾಕೆ ಬೆಚ್ಚಗೆ ಮಾಡ್ಬೇಕು ಕೊನ್ರಾಡ್ — ಕೊನ್ರಾಡನ ಎದೆ ಒಲೆಗಿಂತ ಬಿಸಿಯಾಗಿತ್ತು, ಆದರೂ ಬಾಯಿ ಮಾತ್ರ, ಪ್ರಾರ್ಥನೆ ಮಾಡಿ ಹೇಳ್ತೀನಿ, ಎಂದಿತು, ಪ್ರಾರ್ಥನೆ ಎಂದರೆ ಹೆಬ್ಬೆರಳು, ಅವನ ಅಜ್ಜ ಹಸು ಕೊಂಡದ್ದೂ ಹಾಗೆ, ಅಪ್ಪ ಹಲ್ಲು ಕೀಳಿಸದೆ ಉಳಿದದ್ದೂ ಹಾಗೆ, ಕಣ್ಣು ಮುಚ್ಚಿ ಬೈಬಲ್ ತೆರೆದು ಹೆಬ್ಬೆರಳಿಡುವುದು, ಅದು ಬಿದ್ದಲ್ಲಿ ದೇವರ ಉತ್ತರ, ಅದರಲ್ಲೂ ನಲವತ್ತು ವರ್ಷ ಹಿಟ್ಟು ಒತ್ತಿ ಬನ್ನಿನಂತೆ ಊದಿದ ಕೊನ್ರಾಡನ ಹೆಬ್ಬೆರಳು, ಒಂದೇ ಏಟಿಗೆ ಮೂರು ವಚನ ಮುಚ್ಚುವಂಥದ್ದು, ಇಡೀ ವುರ್ಟೆಂಬೆರ್ಗ್ ಸೀಮೆಯಲ್ಲಿ ಅದಕ್ಕೆ ಜೋಡಿಯಿಲ್ಲ — ಮೊದಲ ಸಲ ಇಟ್ಟಾಗ ಬಂದದ್ದು, ಎದ್ದು ಹೊರಡು, ಛೆ, ಅದು ಅಬ್ರಹಾಮನಿಗೆ ಹೇಳಿದ್ದು, ನನಗಲ್ಲ, ಮುಚ್ಚಿದ, ಎರಡನೇ ಸಲ ಚರ್ಮರೋಗದ ಲಕ್ಷಣಗಳು, ಅಂಗೈ ತಿರುಗಿಸಿ ನೋಡಿಕೊಂಡು ಅದನ್ನೂ ಮುಚ್ಚಿದ, ಮೂರನೇ ಸಲ ಪ್ರವಾದಿ ಯೆರೆಮೀಯನ ಗ್ರಂಥ, ಅಧ್ಯಾಯ ಹದಿನಾರು, ವಚನ ಎರಡು, ಈ ಸ್ಥಳದಲ್ಲಿ ನೀನು ಮದುವೆಯಾಗಬೇಡ, ಅಬ್ಬಾ, ಅಲ್ಲಿಗೆ ನಿಂತ, ಯಾಕೆ ಅಲ್ಲಿಗೇ ನಿಂತೆ ಎಂದು ಯಾರೂ ಕೇಳಲಿಲ್ಲ, ಈ ಸ್ಥಳದಲ್ಲಿ ಅಂತ ತಾನೆ, ಎರಡು ಬಸ್ ನಿಲ್ದಾಣ ದಾಟಿ ಪಕ್ಕದೂರಲ್ಲಿ ಆಗಬಹುದಲ್ಲ ಎಂಬ ಪರಮ ಸೂಕ್ಷ್ಮ ವ್ಯಾಖ್ಯಾನವೂ ಒಂದು ಗಳಿಗೆ ಹೊಳೆದಿತ್ತು, ಬೇಡವೆಂದು ನೂಕಿದ, ಯಾಕೆಂದರೆ ಮಾರ್ತೆ, ಹನ್ನೊಂದು ತಿಂಗಳು ಮಾರ್ತೆಯ ಹಾಸಿಗೆಯ ಪಕ್ಕ ಅದೇ ಮರದ ಕುರ್ಚಿ, ಚಮಚದಲ್ಲಿ ಸೂಪು, ಆಮೇಲೆ ಸೂಪೂ ಬೇಡವೆಂದಳು, ಹೆಂಡತಿ ಹೋಗಿ ಒಂಬತ್ತು ವರ್ಷವಾದರೂ ಆ ಕುರ್ಚಿಯಲ್ಲಿ ಅವನು ಕೂತಿಲ್ಲ, ಇನ್ನೊಬ್ಬಳ ಪಕ್ಕ ಕೂರುವ ಎದೆಯಿಲ್ಲ — ಮರುದಿನ ಗಲ್ಲಾದ ಆಚೆಯಿಂದ, ವಾಕ್ಯ ಬೇಡ ಅಂತು ಹೆಡ್ವಿಗ್, ಯೆರೆಮೀಯ ಹದಿನಾರು, ಎಂದ, ಅವಳು, ಹೌದಾ, ಯೆರೆಮೀಯ ನಿಮ್ಮ ಹೆಸರು ಹೇಳಿದ್ನಾ, ಎಂದು ಪ್ರೆಟ್ಜೆಲ್ ಚೀಲ ಎತ್ತಿಕೊಂಡು ಹೋದಳು.

ಏನಪ್ಪಾ ಕೊನ್ರಾಡ್, ನಿದ್ದೆಯೋ, ಎಂದ ಎಬರ್ಲೆ, ಟಕ್, ಕೊನ್ರಾಡ್ ಎದ್ದ, ಪ್ರಿಯ ಸಹೋದರರೇ, ದನಿ ಗಂಟೆಯಂತೆ ಹೊರಟಿತು, ಕಿಟಕಿಯ ಗಾಜು ನಡುಗಿರಲೂ ಸಾಕು, ಮೊದಲನೇ ನಿಯಮ, ಈ ಮಾತು ಯಾರು ಯಾರಿಗೆ ಹೇಳಿದ್ದು ಅಂತ ಕೇಳ್ಬೇಕು — ಅಬ್ರಹಾಮನಿಗೆ, ನನಗಲ್ಲ, ಹಾಗಾದರೆ ಯೆರೆಮೀಯನಿಗೆ ಹೇಳಿದ್ದು ಯಾರಿಗಪ್ಪಾ ಬೇಕರಿಯವನೇ, ಎಂದಿತು ಒಳದನಿ — ಮೂರನೇ ಬೆಂಚಿನಿಂದ ಒಂದು ಕೆಮ್ಮು, ಎರಡನೇ ನಿಯಮ, ಹಿಂದೇನಿದೆ ಮುಂದೇನಿದೆ ಓದ್ಬೇಕು, ಒಂದು ವಚನ ಕಿತ್ಕೊಂಡು ಓಡ್ಬಾರ್ದು — ಓಡಿದವನು ನೀನೇ, ಕಳ್ಳ ಕೋಳಿ ಕದ್ದ ಹಾಗೆ ಕಂಕುಳಲ್ಲಿಟ್ಟುಕೊಂಡು — ಕೆಮ್ಮು, ಮೂರನೇದು, ವಾಕ್ಯದ ಬೀಗಕ್ಕೆ ವಾಕ್ಯವೇ ಕೀಲಿಕೈ, ನಾಲ್ಕನೇದು, ನಾಲ್ಕನೇದು ಏನು, ನಿದ್ದೆಯಲ್ಲಿ ತಿವಿದರೂ ಬರುತ್ತಿದ್ದದ್ದು ಎದ್ದು ನಿಂತಾಗ ಬರುತ್ತಿಲ್ಲ, ಹಾಂ, ನಮ್ಮ ಹೊಟ್ಟೇಲಿರೋದನ್ನ ವಾಕ್ಯದ ಬಾಯಿಗೆ ತುರುಕಬಾರದು, ಎಂದಾಗ ಗಂಟೆಯ ದನಿ ಚಮಚದ ದನಿಯಾಯಿತು, ಸೂಪಿನ ಬಟ್ಟಲಿಗೆ ಚಮಚ ತಾಗಿದಷ್ಟೇ — ಸಹೋದರ ಕೊನ್ರಾಡ್, ನಂದೊಂದು ಪ್ರಶ್ನೆ ಇದೆ.

ಹೆಡ್ವಿಗ್ ಎದ್ದು ನಿಂತಿದ್ದಾಳೆ, ಕೂಟ ಶುರುವಾದ ನೂರೆಂಬತ್ತು ವರ್ಷದಲ್ಲಿ ಈ ಬೆಂಚಿನಿಂದ ಪ್ರಶ್ನೆ ಎದ್ದಿಲ್ಲ, ಎಬರ್ಲೆಯ ಹಲ್ಲು ಟಕ್ಕೆನ್ನಲು ಮರೆತು ಅರ್ಧಕ್ಕೇ ನಿಂತಿತು, ಹೆಂಗಸ್ರು ಕೇಳೋ ಪದ್ಧತಿ ಇಲ್ವಲ್ಲಮ್ಮಾ, ಎಂದ, ಗೊತ್ತು ಎಬರ್ಲೆಯವರೇ, ಎಂದಳು ಅವಳು, ರಥದಲ್ಲಿದ್ದ ಆ ಅಧಿಕಾರಿ ಕೇಳಿದ್ನಲ್ಲ, ಅವನೇನು ಈ ಮೇಜಿಗೆ ಕೂತಿದ್ನಾ, ಯಾರೋ ಹೆಂಗಸು ಕಿಸಕ್ಕೆಂದಳು, ಎಬರ್ಲೆ ಸಹೋದರರ ಮುಖ ನೋಡಿದ, ಸಹೋದರರು ಮೇಜು ನೋಡಿದರು, ಸರಿ, ಕೇಳಮ್ಮಾ, ಬೇಗ ಕೇಳು — ಯೆರೆಮೀಯ ಹದಿನಾರಕ್ಕೆ ಯಾವ ಕೀಲಿಕೈ ಹಾಕ್ತೀರಿ ಕೊನ್ರಾಡ್, ನಾನು ಮೂರು ವಾರದಲ್ಲಿ ಐವತ್ತೆರಡು ಅಧ್ಯಾಯಾನೂ ಓದ್ದೆ, ಊರು ಹಾಳಾಗೋದಿತ್ತು, ಅದರ ಗುರುತಿಗೆ ಆ ಬಡಪಾಯಿ ಒಬ್ಬನಿಗೆ ಮದುವೆ ಬೇಡ ಅಂದ್ರು, ದೇವರು ಅಲ್ಲಿಗೇ ಮಾತು ಮುಗಿಸ್ಲಿಲ್ಲ, ನೀವು ಮಾತ್ರ ಹದಿನಾರಕ್ಕೇ ಅಂಗಡಿ ಬಾಗಿಲು ಹಾಕಿದ್ರಿ, ಮೂವತ್ತಮೂರು ತೆಗೀರಿ, ಹತ್ತು, ಹನ್ನೊಂದು, ಜೋರಾಗಿ ಓದಿ, ಸ್ಟುಟ್‌ಗಾರ್ಟಿಗೆ ಕೇಳೋ ಹಾಗೆ ಓದೋರಲ್ವಾ ನೀವು.

ಕೊನ್ರಾಡ್ ಹಾಳೆ ಮಗುಚಿದ, ಹುಟ್ಟಿದಂದಿನಿಂದ ಇದೇ ಮೊದಲ ಸಲ ಉತ್ತರ ಹುಡುಕುವಾಗ ಕಣ್ಣು ತೆರೆದೇ ಇತ್ತು, ಮೂವತ್ತೊಂದು, ಮೂವತ್ತೆರಡು, ಹಾಳೆಗಳಿಗೆ ಇಷ್ಟು ಭಾರವಿತ್ತೇ, ಮೂವತ್ತಮೂರು, ಓದಿದ, ಪಾಳುಬಿದ್ದಿದೆ ಎಂದು ನೀವು ಹೇಳುವ ಈ ಸ್ಥಳದಲ್ಲಿಯೇ — ಈ ಸ್ಥಳದಲ್ಲಿಯೇ! — ಮತ್ತೆ ಕೇಳಿಬರುವುದು, ಏನು ಕೇಳಿಬರುವುದು, ಕಾಣುತ್ತಿಲ್ಲ, ಹಾಳಾದ ಅಭ್ಯಾಸ, ಹೆಬ್ಬೆರಳು ತಾನಾಗಿ ಹೋಗಿ ಕೂತಿದೆ, ಬೂಟಿನ ಸದ್ದು, ಹೆಡ್ವಿಗ್ ಬೆಂಚು ಬಿಟ್ಟು ಮೇಜಿನ ಬಳಿಗೇ ಬಂದಳು, ಹೊಸ ಸೋಪಿನ ವಾಸನೆ, ಅವಳೂ ಒಂದು ದಿನ ಹಾಸಿಗೆ ಹಿಡಿಯಬಹುದು, ತಾನೇ ಮೊದಲು ಹಿಡಿಯಬಹುದು, ಯಾರ ಪಕ್ಕ ಯಾರು ಕುರ್ಚಿ ಹಾಕುವರೋ, ಹೆಬ್ಬೆರಳು ತೆಗೀರಿ ಕೊನ್ರಾಡ್, ಎಂದಳು, ಅಷ್ಟು ಮೆಲ್ಲಗೆ ಅವಳು ಏನನ್ನೂ ಕೇಳಿದ್ದಿಲ್ಲ, ಒಂದು ಕೂದಲೆಳೆಯಷ್ಟು ಸರಿಸಿದ, ಮದುವಣಿಗನ ದನಿ, ಎಂದಿತ್ತು ಕೆಳಗೆ, ಇನ್ನೂ ಇದೆ, ಎಂದಳು, ಕೊನ್ರಾಡ್ ಉಸಿರು ಬಿಟ್ಟ, ಮದುವಣಗಿ — ಉಳಿದಕ್ಷರ ಇನ್ನೂ ಹೆಬ್ಬೆರಳಿನಡಿ, ಪೂರ್ತಿ ತೆಗೀರಿ, ಎಂದಳು — ಹೆಬ್ಬೆರಳು, ಹಿಟ್ಟಿನ ಬಿಳುಪು ಉಗುರಿನಂಚಿನಲ್ಲಿ, ಹಾಳೆಯಿಂದ ಮೇಲೇಳುತ್ತಿರುವ ಹೆಬ್ಬೆರಳು —