ಹೊಟ್ಟು ಕುಟ್ಟಿದ ಜಂಬಮ್ಮ

ಕಂಪ್ಲಿಯಲ್ಲಿ ಕೊಟ್ರಬಸಪ್ಪನ ಅಕ್ಕಿ ಗಿರಣಿ ಶುರುವಾದಾಗ ಅವನ ತಾಯಿ ಜಂಬಮ್ಮನಿಗೆ ಅರವತ್ತೊಂದು ವರ್ಷ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ದಿನಾ ಬೆಳಿಗ್ಗೆ ಭತ್ತ ಕುಟ್ಟಿದ್ದಳು. ಬಾಣಂತನದ ದಿನಗಳನ್ನು ಬಿಟ್ಟರೆ ತಪ್ಪಿಸಿದ್ದಿಲ್ಲ. ಮದರಾಸಿನಿಂದ ಬಂದ ಎಣ್ಣೆ ಇಂಜಿನ್ನಿಗೆ ಪೂಜೆ ಮುಗಿಸಿ ಮನೆಗೆ ಬಂದ ಕೊಟ್ರಬಸಪ್ಪ, ಅವಳ ಕೈಯಿಂದ ಒನಕೆ ತೆಗೆದುಕೊಂಡು ಪಡಸಾಲೆಯ ಗೋಡೆಗೆ ಆನಿಸಿದ.

"ಸಾಕವ್ವ. ಗಿರಣಿ ಮಾಲಕನ ತಾಯಿ ಭತ್ತ ಕುಟ್ಟಿದ್ರ ಮಂದಿ ಏನಂತಾರ? ಇನ್ನ ನೀನು ಸುಮ್ನ ಕುಂದ್ರು."

ಜಂಬಮ್ಮ ಕೂತಳು. ಆ ಮನೆಯಲ್ಲಿ ಅವಳಿಗೆ ಕೂರಲು ಯಾರಾದರೂ ಹೇಳಿದ್ದು ಅದೇ ಮೊದಲು. ಒಲ್ಲೆ ಅನ್ನುವುದು ಹೇಗೆಂದು ತಿಳಿಯಲಿಲ್ಲ.

ಒರಳಿನ ಇನ್ನೊಂದು ಮಗ್ಗುಲಿಗೆ ನಿಂತು ಇಪ್ಪತ್ತು ವರ್ಷ ಒನಕೆ ಹಾಕಿದ್ದ ಹೊಳೆಮ್ಮನಿಗೆ ಮಾತ್ರ ಯಾರೂ ಕೂರಲು ಹೇಳಲಿಲ್ಲ. ನಾಳೆಯಿಂದ ಬರಬೇಡ ಎಂದರು.

ಮೊದಲ ಮೂರು ತಿಂಗಳು ಜಂಬಮ್ಮ ಕಿಟಕಿಯಿಂದ ಬೀದಿ ನೋಡಿದಳು. ಬೀದಿಯಲ್ಲಿ ಅಂಥದ್ದೇನೂ ನಡೆಯುತ್ತಿರಲಿಲ್ಲ. ಆಮೇಲೆ ಮೊಣಕಾಲು ಹಿಡಿದುಕೊಂಡವು. ವರ್ಷ ತುಂಬುವುದರೊಳಗೆ ನೀರಿನ ಕೊಡ ಎತ್ತುವುದು ನಿಂತಿತು, ಅಟ್ಟದ ಏಣಿ ನಿಂತಿತು. ಬಚ್ಚಲ ಮನೆಯ ಹೊಸ್ತಿಲಲ್ಲಿ ಒಮ್ಮೆ ಬಿದ್ದವಳು, ಸೊಸೆ ಸುವರ್ಣಮ್ಮ ಹೊಳೆಯಿಂದ ಬಟ್ಟೆ ಒಗೆದು ಬರುವವರೆಗೂ ಅಲ್ಲೇ ಬಿದ್ದಿದ್ದಳು. ಕೂಗಬಹುದಿತ್ತು, ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ಸುವರ್ಣಮ್ಮ ಕೇಳಿದ್ದಕ್ಕೆ, "ಏಳಬೇಕು ಅನಸ್ಲಿಲ್ಲ," ಅಂದಳು.

ಅದೇ ಚಳಿಗಾಲದಲ್ಲಿ ಅವಳ ಗಂಡ ತೋಟಪ್ಪ ತೀರಿಕೊಂಡ. ಮಧ್ಯಾಹ್ನ ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡು ಮಲಗಿದವನು ಏಳಲಿಲ್ಲ. ಬಂದವರೆಲ್ಲ ಪುಣ್ಯವಂತನ ಸಾವು ಎಂದರು. ಜಂಬಮ್ಮ ಅಳಲಿಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೂ ಅವಳು ಅದೇ ಚಾಪೆಯ ಮೇಲೆ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಬಡಿಸಿದರೆ ನಾಲ್ಕು ತುತ್ತು, ಮಾತಾಡಿಸಿದರೆ ಒಂದು ಮಾತು. ಏಳಬೇಕಾದರೆ ಇಬ್ಬರು ಹಿಡಿಯಬೇಕು.

ಊರಿನ ನಾಟಿ ವೈದ್ಯ ಪಾಲಯ್ಯ ಬಂದು ನಾಡಿ ನೋಡಿ, ವಿಶ್ರಾಂತಿ ಬೇಕು ಅಂದ. ಹೊಸಪೇಟೆಯಿಂದ ಜಟಕಾದಲ್ಲಿ ಒಬ್ಬ ಡಾಕ್ಟರನ್ನು ಕರೆಸಿದರು. ಅವರು ಎದೆಗೆ ಕೊಳವೆ ಇಟ್ಟು ಕೇಳಿ, ಕೆಂಪು ಟಾನಿಕ್ಕಿನ ಬಾಟಲಿ ಕೊಟ್ಟು, ಪೂರ್ತಿ ವಿಶ್ರಾಂತಿ ಬೇಕು ಅಂದರು. ಪಾಲಯ್ಯ ಬರೀ ವಿಶ್ರಾಂತಿ ಅಂದಿದ್ದ. ಇಷ್ಟೇ ವ್ಯತ್ಯಾಸ.

ಬೇಸಿಗೆಯ ಒಂದು ಬೆಳಿಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ಜಂಬಮ್ಮನಿಗೆ ಬಚ್ಚಲಿಗೆ ಹೋಗಬೇಕಿತ್ತು. ಗೋಡೆ ಹಿಡಿದು, ಕಿಟಕಿಯ ಸರಳು ಹಿಡಿದು ಹೇಗೋ ಎದ್ದಳು. ಗೋಡೆಗೆ ಆನಿಸಿದ್ದ ಒನಕೆ ಜಾರಿ ದಾರಿಗೆ ಅಡ್ಡ ಬಿದ್ದಿತ್ತು. ಒನಕೆ ದಾಟಬಾರದು. ಒಂದು ತುದಿಯಿಂದ ಎತ್ತಿ ನಿಲ್ಲಿಸಿದಳು. ನಿಲ್ಲಿಸಿದ್ದು ವಾಲತೊಡಗಿತು. ಹಿಡಿದುಕೊಂಡಿರಲು ಶಕ್ತಿ ಸಾಲದೆ ಪಕ್ಕದ ಒರಳಿನ ಕುಳಿಯೊಳಗೆ ಬಿಟ್ಟಳು. ಧಪ್ಪೆಂದು ಸದ್ದಾಯಿತು.

ಜಂಬಮ್ಮ ಸ್ವಲ್ಪ ಹೊತ್ತು ಒರಳು ನೋಡಿದಳು. ಆಮೇಲೆ ಮತ್ತೆ ಎತ್ತಿ ಬಿಟ್ಟಳು. ಏಳು ಸಲ ಎತ್ತುವಷ್ಟರಲ್ಲಿ ತೋಳು ಸೋತು, ಕಣ್ಣಿಗೆ ಕತ್ತಲೆ ಬಂದು, ಒರಳಿನ ಪಕ್ಕದಲ್ಲೇ ಕೂತಳು. ಆ ಮಧ್ಯಾಹ್ನ ಕೇಳಿ ಸಾರು ಹಾಕಿಸಿಕೊಂಡಳು. ಟಾನಿಕ್ ಕೆಲಸ ಮಾಡಿತು ಎಂದು ಕೊಟ್ರಬಸಪ್ಪ ಇನ್ನೊಂದು ಬಾಟಲಿ ತರಿಸಿದ.

ಮಾರನೆಯ ದಿನ ಸದ್ದು ಕೇಳಿ ಸುವರ್ಣಮ್ಮ ಓಡಿ ಬಂದಳು. "ಅತ್ತೀ, ಬರಿ ಒರಳು ಕುಟ್ಟಬಾರದು. ಮನಿಗೆ ಕೇಡು."

"ಯಜಮಾನ್ರು ಹೋದ್ರು. ಇನ್ನ ಏನು ಕೇಡು ಆಗಬೇಕು?" ಎಂದಳು ಜಂಬಮ್ಮ. ಆದರೂ ಸೊಸೆಯ ಮಾತು ಸುಳ್ಳಲ್ಲ ಅನಿಸಿತು. "ಹಂಗಾರ ಗಿರಣಿ ಹಿಂದ ಹೊಟ್ಟಿನ ಗುಡ್ಡನ ಬಿದ್ದೈತಲ್ಲ. ಒಂದು ಪುಟ್ಟಿ ತರಸು."

ಕೆಲಸಕ್ಕೆ ಬಾರದ ಕೆಲಸಕ್ಕೆ ಹೊಟ್ಟು ಕುಟ್ಟುವುದು ಎನ್ನುತ್ತಾರೆ. ಜಂಬಮ್ಮ ಅಂದಿನಿಂದ ದಿನಾ ಬೆಳಿಗ್ಗೆ ಹೊಟ್ಟು ಕುಟ್ಟಿದಳು. ದಿನಕ್ಕೆ ಒಂದೆರಡು ಪೆಟ್ಟು ಹೆಚ್ಚಿಸುತ್ತ ಹೋದಳು. ಮೂವತ್ತಕ್ಕೆ ಬಂದ ದಿನ ಒನಕೆ ಹಿಡಿದುಕೊಂಡೇ ಅತ್ತಳು. ಗಂಡ ಸತ್ತು ಐದು ತಿಂಗಳಾಗಿತ್ತು. ಸುವರ್ಣಮ್ಮ ಬಂದು ಕೈ ಹಿಡಿಯಲು ನೋಡಿದರೆ, "ತಡಿ, ಇನ್ನ ನಾಕು ಉಳದಾವು," ಎಂದು ಅಳುತ್ತಲೇ ನಾಲ್ಕು ಹಾಕಿ ಮುಗಿಸಿದಳು.

ದಸರೆಯ ಹೊತ್ತಿಗೆ ಯಾರೂ ಹಿಡಿಯದೆ ಏಳುತ್ತಿದ್ದಳು, ಕೊಡ ಎತ್ತುತ್ತಿದ್ದಳು. ಒಂದು ದಿನ ತಾನೇ ನಡೆದು ಕೋಟೆಯ ಕಡೆಗಿದ್ದ ಹೊಳೆಮ್ಮನ ಗುಡಿಸಲಿಗೆ ಹೋದಳು. ಹೊಳೆಮ್ಮ ಅವಳಿಗಿಂತ ಎರಡು ವರ್ಷ ದೊಡ್ಡವಳು. ಬಾಗಿಲ ಬಳಿ ಸೀರೆಯಲ್ಲಿ ಮುದುಡಿ ಕೂತಿದ್ದಳು. ಬಾ ಅನ್ನಲಿಲ್ಲ.

"ನಿಮ್ಮ ಮಗನ ಗಿರಣಿಗೆ ಬೆಂಕಿ ಬೀಳ್ಲಿ ಅಂತ ದಿನಾ ಬೇಡ್ಕೊಂತೀನ್ರಿ, ಜಂಬಕ್ಕ."

"ಬೇಡ್ಕೋ. ಅದಕ್ಕೂ ಮೈಯಾಗ ಶಕ್ತಿ ಇರಬೇಕು. ನೀ ಹಿಂಗ ಕುಂತ್ರ ಗಿರಣಿಕಿಂತ ಮೊದಲು ನೀನ ಹೋಗ್ತಿ."

"ಏನು ಮಾಡ್ಲಿ ಅಂತೀರಿ?"

"ಹೊಟ್ಟು ಕುಟ್ಟಾಕ ಬಾ."

ಹೊಳೆಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಗಂಡ ಸತ್ತ ಮೇಲೆ ತಲೆ ಕೆಟ್ಟಿದೆ ಎಂದು ಊರಲ್ಲಿ ಕೇಳಿದ್ದಳು. ಆದರೆ ಆ ತಲೆ ಕೆಟ್ಟವಳು ಅರ್ಧ ಹರದಾರಿ ನಡೆದು ಬಂದು ನೆಟ್ಟಗೆ ನಿಂತಿದ್ದಳು. ಮಾರನೆಯ ಬೆಳಿಗ್ಗೆ ಹೊಳೆಮ್ಮ ಬಂದಳು. ಬಂದ ದಿನವೆಲ್ಲ ಅವಳಿಗೆ ನುಚ್ಚಿನ ಅನ್ನ, ಮಜ್ಜಿಗೆ. ಅದು ಜಂಬಮ್ಮನ ಕರಾರು. ಒರಳಿಗೆ ಎರಡು ಒನಕೆ, ಒಂದರ ಹಿಂದೆ ಒಂದು. ಹಳೆಯ ಲಯ ಮೂರನೆಯ ದಿನವೇ ಕೂಡಿಕೊಂಡಿತು. ಹೊಳೆಮ್ಮ ಕುಟ್ಟುತ್ತ ಕುಟ್ಟುತ್ತ ಗಿರಣಿಗೆ ಶಾಪ ಹಾಕುತ್ತಿದ್ದಳು. ಜಂಬಮ್ಮ ಬೇಡ ಅನ್ನಲಿಲ್ಲ. ಶಾಪಕ್ಕೆ ಉಸಿರು ಚೆನ್ನಾಗಿ ಬರುತ್ತಿತ್ತು.

ತೊಂದರೆ ಬಂದದ್ದು ಕೊಟ್ರಬಸಪ್ಪನಿಗೆ. ಗಿರಣಿಯ ಹೊಟ್ಟಿನಲ್ಲಿ ಅಕ್ಕಿ ಉಳಿಯುತ್ತದಂತೆ, ಅದಕ್ಕೇ ಅವನ ತಾಯಿ ಮತ್ತೆ ಕುಟ್ಟಿ ತೆಗೆಯುತ್ತಾಳಂತೆ ಎಂದು ಸಂತೆಯಲ್ಲಿ ಮಾತು ಹಬ್ಬಿತು. ಬುಕ್ಕಸಾಗರದ ರೈತರು ಭತ್ತದ ಗಾಡಿಗಳನ್ನು ಗಿರಣಿಯ ಮುಂದೆ ನಿಲ್ಲಿಸಿ, ಮೊದಲು ಹೊಟ್ಟು ತೋರಿಸು ಎಂದರು. ಕೊಟ್ರಬಸಪ್ಪ ಇಪ್ಪತ್ತು ಜನರ ಎದುರಿಗೆ ಒಂದು ಪುಟ್ಟಿ ಹೊಟ್ಟನ್ನು ತಾನೇ ಮೊರದಲ್ಲಿ ಕೇರಿದ. ಮೈಯೆಲ್ಲ ಧೂಳಾಯಿತು. ನಾಲ್ಕು ಕಾಳು ಸಿಕ್ಕವು. ರೈತರು ನಾಲ್ಕನ್ನೂ ಕೈಗೆ ತೆಗೆದುಕೊಂಡು ನೋಡಿದರು.

ಅಂದು ಮನೆಗೆ ಬಂದು ತಾಯಿಯ ಮುಂದೆ ನಿಂತ. "ಅವ್ವಾ, ನಿನಗ ಕುಟ್ಟಲೇಬೇಕು ಅಂದ್ರ ಭತ್ತನ ಕೊಡ್ತೀನಿ. ಹೊಟ್ಟು ಬ್ಯಾಡ."

"ಭತ್ತ ಕುಟ್ಟಿದ್ರ, ಗಿರಣಿ ಮಾಲಕ ತನ್ನ ಮನ್ಯಾಗ ಕೈಲೆ ಕುಟ್ಟಿದ ಅಕ್ಕಿ ಉಣ್ತಾನ ಅಂತಾರ."

ಕೊಟ್ರಬಸಪ್ಪ ಯೋಚಿಸಿದ. ಹೌದು, ಹಾಗೇ ಅನ್ನುತ್ತಾರೆ.

"ಹಂಗಾರ ಏನೂ ಕುಟ್ಟಬ್ಯಾಡ."

"ಹೋದ ವರ್ಷ ಏನೂ ಕುಟ್ಟಿರಲಿಲ್ಲ. ನೀನ ನೋಡಿದ್ಯಲ್ಲ."

ಅವನು ಕೈಕಾಲು ತೊಳೆಯಲು ಹೋದ. ಮರುದಿನದಿಂದ ಯಾರಾದರೂ ಕೇಳಿದರೆ, "ನಮ್ಮವ್ವ ಕಸರತ್ತು ಮಾಡ್ತಾಳ್ರಿ," ಎನ್ನತೊಡಗಿದ. ಗರಡಿಯ ಹುಡುಗರಿಗೆ ಇದರಿಂದ ಬಹಳ ಬೇಸರವಾಯಿತು. ಒಂದೆರಡು ತಿಂಗಳಲ್ಲಿ ಊರಿಗೆ ಬೇರೆ ಮಾತು ಸಿಕ್ಕಿತು.

ಹೀಗೆ ನಾಲ್ಕು ವರ್ಷ ನಡೆಯಿತು. ಐದನೆಯ ಮಳೆಗಾಲದಲ್ಲಿ ಹೊಳೆಮ್ಮನಿಗೆ ಚಳಿಜ್ವರ ಬಂತು. ಜಂಬಮ್ಮ ದಿನಾ ಹೋಗಿ ಗಂಜಿ ಕುಡಿಸಿದಳು. ಒಂಬತ್ತನೆಯ ದಿನ ಹೊಳೆಮ್ಮ, "ಗಿರಣಿ ಇನ್ನೂ ಐತೇನ್ರಿ?" ಎಂದು ಕೇಳಿದಳು. ಐತಿ ಎಂದಳು ಜಂಬಮ್ಮ. "ಇರ್ಲಿ ಬಿಡ್ರಿ," ಎಂದು ಹೊಳೆಮ್ಮ ಗೋಡೆಯ ಕಡೆ ತಿರುಗಿಕೊಂಡಳು. ಸಂಜೆಗೆ ಹೋಗಿಬಿಟ್ಟಳು.

ಮಣ್ಣು ಮುಗಿಸಿ ಬಂದ ಜಂಬಮ್ಮ ಚಾಪೆಯ ಮೇಲೆ ಕೂತಳು. ಮರುದಿನ ಒನಕೆಯ ಸದ್ದಿಲ್ಲ. ಅದರ ಮರುದಿನವೂ ಇಲ್ಲ. ಕೊಟ್ರಬಸಪ್ಪನಿಗೆ ಗಿರಣಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರನೆಯ ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ.

"ಅವ್ವಾ, ಇವತ್ತೂ ಕುಟ್ಟಂಗಿಲ್ಲೇನು?"

"ಅಳಾಕ ಹತ್ತೀನಲ್ಲ, ಕಾಣಂಗಿಲ್ಲೇನು? ನಾಕು ದಿನ ಬೇಕು. ನಾಡಿದ್ದು ಕುಟ್ತೀನಿ."

ಎರಡು ದಿನ ಕಳೆದ ಮೇಲೆ, ಆ ಬೆಳಿಗ್ಗೆ ಕೊಟ್ರಬಸಪ್ಪ ಗಿರಣಿಗೆ ಹೊರಡಲು ತಡಮಾಡಿದ. ಜಂಬಮ್ಮ ಹೇಳಿದಂತೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟು ಸುರಿದು ಒಬ್ಬಳೇ ಶುರು ಮಾಡಿದಳು. ಎರಡು ಒನಕೆಯ ಸದ್ದಿಗೆ ಹೊಂದಿಕೊಂಡಿದ್ದ ಮನೆಗೆ ಆ ಒಂದೇ ಸದ್ದು ಕುಂಟಿದಂತೆ ಕೇಳಿತು. ಕೊಟ್ರಬಸಪ್ಪ ಬೀದಿ ಬಾಗಿಲು ಹಾಕಿ ಅಗಳಿ ಜಡಿದು, ಹೊಳೆಮ್ಮನ ಒನಕೆ ಎತ್ತಿಕೊಂಡ. ಮೊದಲ ಪೆಟ್ಟೇ ಒರಳಿನ ಅಂಚಿಗೆ ಬಿತ್ತು.

"ಕಲ್ಲಿಗೆ ಅಲ್ಲಲೇ. ಹೊಟ್ಟಿಗೆ," ಎಂದಳು ಜಂಬಮ್ಮ.

ಅವನು ಹದಿನೆಂಟು ಪೆಟ್ಟು ಹಾಕಿದ. ಅಂಗೈ ಕೆಂಪಾಯಿತು, ಉಸಿರು ಏರಿತು. ತಾಯಿಯ ಉಸಿರು ಹಾಗೇ ಇದ್ದದ್ದನ್ನು ಗಮನಿಸಿದ. ಒನಕೆ ಇಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡು, ಬಾಗಿಲು ತೆಗೆದು ಗಿರಣಿಗೆ ಹೋದ. ಆಮೇಲೆ ಅವನು ಮತ್ತೆ ಕುಟ್ಟಲು ಬರಲಿಲ್ಲ. ಅದು ಅವನ ಕೈಲಾಗುವ ಕೆಲಸವಾಗಿರಲಿಲ್ಲ.

ಆ ವಾರವೇ ಹಿಂದಿನ ಓಣಿಯ ಎರ್ರೆಮ್ಮ ಬಂದಳು. ಅರವತ್ತೇಳರ ಹೆಂಗಸು, ಎರಡು ತಿಂಗಳ ಹಿಂದೆ ಆಸರೆಯಾಗಿದ್ದ ಮಗಳನ್ನು ಕಳೆದುಕೊಂಡಿದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು.

"ಒಂದು ಒನಕಿ ಖಾಲಿ ಐತಂತಲ್ಲ, ಜಂಬಕ್ಕ?"

"ಐತಿ. ಒಳಗ ಬಾ."

ಎರ್ರೆಮ್ಮ ಮೂರು ಸಲ ಎತ್ತಿದಳು. ನಾಲ್ಕನೆಯದಕ್ಕೆ ಕೈ ಬರಲಿಲ್ಲ. ಒನಕೆಗೆ ಹಣೆ ಆನಿಸಿ ಮಗಳ ಹೆಸರು ಹೇಳಿ ಅತ್ತಳು. ಜಂಬಮ್ಮ ಸಮಾಧಾನ ಹೇಳಲಿಲ್ಲ. ತನ್ನ ಪೆಟ್ಟುಗಳನ್ನು ಮುಗಿಸಿ, ಸುವರ್ಣಮ್ಮನಿಗೆ ಎರಡು ತಟ್ಟೆ ಹಾಕಲು ಹೇಳಿದಳು. ಇಬ್ಬರೂ ಒರಳಿನ ಪಕ್ಕದಲ್ಲೇ ಕೂತು ನುಚ್ಚಿನ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡರು. ಹೋಗುವಾಗ ಎರ್ರೆಮ್ಮ, ನಾಳೆ ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದಳು.