ಐದು ಹಲ್ಲಿನ ಇಕ್ಕಳ

ಮಗಳು ತಾನೇ ಮೆಚ್ಚಿ ದರ್ಜಿಯೊಬ್ಬನನ್ನು ಮದುವೆಯಾದಂದಿನಿಂದ ಅಪ್ಪ ಅಳಿಯನ ಜೊತೆ ಮಾತಾಡಿರಲಿಲ್ಲ. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ‘ಸುತ್ತಿಗೆ ಹಿಡಿಯೋ ಮನೆಗೆ ಸೂಜಿ ಹಿಡಿಯೋನು ಅಳಿಯನಾ’ ಎಂದು ಒಮ್ಮೆ ಅಂದವನು ಮತ್ತೆ ತುಟಿ ಬಿಚ್ಚಿರಲಿಲ್ಲ. ಇಬ್ಬರ ನಡುವೆ ಮಗಳು ಅಡಕತ್ತರಿಗೆ ಸಿಕ್ಕಂತಾಗಿದ್ದಳು.

ಒಂದು ಭಾನುವಾರ ಹೆಂಡತಿಯ ಜೊತೆ ಮಾವನ ಮನೆಗೆ ಬರುವಾಗ ದರ್ಜಿ ಗುಜರಿ ಅಂಗಡಿಯಿಂದ ವಿಚಿತ್ರವಾದ ಹಳೇ ಇಕ್ಕಳವೊಂದನ್ನು ತಂದ. ಬಾಯಿಯ ಒಂದು ಕಡೆ ಮೂರು ದಪ್ಪ ಹಲ್ಲು, ಇನ್ನೊಂದು ಕಡೆ ಎರಡು. ಒತ್ತಿದರೆ ಆ ಎರಡು ಈ ಮೂರರ ಸಂದಿಯಲ್ಲಿ ಹೋಗಿ ಕೂರುತ್ತಿದ್ದವು.

“ಮಾವ, ಇದು ತಗಡಿನ ಕೆಲಸದ್ದಂತೆ. ಏನಕ್ಕೆ ಅಂತ ಗುಜರಿಯವನಿಗೂ ಗೊತ್ತಿಲ್ಲ. ನೀವು ನೋಡಿ ಹೇಳ್ತೀರಾ?”

“ಹಲ್ಲು ಕೀಳೋದಿರಬೇಕು. ನಿಮ್ಮ ಮಾವನ ಬಾಯಿಗೇ ಹಾಕಿ ನೋಡು, ಮಾತಾದ್ರೂ ಬರತ್ತೆ,” ಅಂದಳು ಅಮ್ಮ.

ಜೀವಮಾನವಿಡೀ ತಗಡು ಬಡಿದ ಕೈ ಸುಮ್ಮನಿರಲಿಲ್ಲ. ಅಪ್ಪ ಇಕ್ಕಳವನ್ನು ತೆರೆದು ಮುಚ್ಚಿ ನೋಡಿ, ಗೋಡೆಗೆ ಹೇಳಿದ: “ಯೋಚನೆ ಮಾಡ್ಬೇಕು. ಬಿಟ್ಟು ಹೋಗಲಿ. ಮುಂದಿನ ವಾರ ಬಂದು ಕೇಳಲಿ.”

ಮಗಳು ಬೆರಗಾದಳು. ಚಿಕ್ಕವಳಿದ್ದಾಗ ಅವಳು ಹೊಗೆಕೊಳವೆಯನ್ನು ಅಲುಗಾಡದಂತೆ ಹಿಡಿದುಕೊಳ್ಳುತ್ತಿದ್ದಳು, ಅಪ್ಪ ಅದರ ಅಂಚನ್ನು ಒತ್ತುತ್ತಿದ್ದದ್ದು ಇಂಥದೇ ಇಕ್ಕಳದಿಂದ. ಯೋಚಿಸುವುದಕ್ಕೆ ಅದರಲ್ಲಿ ಏನಿತ್ತು? ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು.

ಮುಂದಿನ ವಾರ “ತಂತಿ ಕತ್ತರಿಸೋದಲ್ಲ” ಎಂದಷ್ಟೇ ತೀರ್ಪಾಯಿತು. ಅದರ ಮುಂದಿನ ವಾರ, “ಅಂಚು ಮಡಿಸೋದೂ ಅಲ್ಲ. ಅದಕ್ಕೆ ಬಾಯಿ ಅಗಲ ಇರತ್ತೆ.” ಗೋಡೆಗೆ ಹೇಳುತ್ತಿದ್ದ ಮಾತು ಅಷ್ಟರಲ್ಲಿ ಅಳಿಯನ ಚಹಾ ಲೋಟದವರೆಗೆ ಬಂದಿತ್ತು.

“ನಿಮ್ಮಪ್ಪಂಗೆ ಅರಳು ಮರಳು. ದಿನಾ ಹಿಡಿದ ಇಕ್ಕಳ ಗುರುತು ಸಿಗಲ್ವಾ? ನಾನೇ ಹೇಳಿಬಿಡ್ತೀನಿ,” ಎಂದು ಅಮ್ಮ ಅಡುಗೆಮನೆಯಲ್ಲಿ ಗೊಣಗಿದಳು.

“ನಿನ್ನ ದಮ್ಮಯ್ಯ ಅಮ್ಮ, ಸುಮ್ನಿರು.”

ಆದರೆ ಕೆಡಿಸಿದವನು ಮಗಳ ಗಂಡನೇ. ಹೊರಡುವಾಗ ಸಂಕೋಚದಿಂದ ಹೇಳಿದ: “ಮಾವ, ನಿಮಗೆ ಸುಮ್ನೆ ತೊಂದ್ರೆ ಆಯ್ತು. ಪೇಟೇಲಿ ಹಳೇ ಸಾಮಾನು ಬಲ್ಲವರೊಬ್ಬರಿದ್ದಾರಂತೆ. ಕೊಟ್ಬಿಡಿ, ಅವರಿಗೇ ತೋರಿಸ್ತೀನಿ.”

ಮಗಳು ಗಂಡನನ್ನು ದುರುಗುಟ್ಟಿ ನೋಡಿದಳು. ಇಕ್ಕಳ ಈ ಮನೆ ಬಿಟ್ಟರೆ ಗಂಡ ಬರುವ ನೆಪವೂ ಅದರ ಜೊತೆಗೇ ಹೋಗುತ್ತದೆ.

“ಅವನಿಗೇನು ಗೊತ್ತು, ಮಣ್ಣು,” ಅಂದ ಅಪ್ಪ. ಮೊಳೆಗೆ ನೇತುಹಾಕಿದ್ದ ಬೀಗದ ಕೈ ತೆಗೆದುಕೊಂಡು, ಎಂದೋ ಮುಚ್ಚಿದ್ದ ಹಿಂದಿನ ಕೋಣೆ ತೆರೆದ. ಮೂಲೆಯಿಂದ ಹೊಗೆಕೊಳವೆಯ ಎರಡು ತುಂಡು ಎಳೆದು ಒಂದಕ್ಕೊಂದು ತುರುಕಲು ನೋಡಿದ. ಹೋಗಲಿಲ್ಲ.

“ಎರಡೂ ಒಂದೇ ಅಳತೆ. ಹೆಂಗೆ ಸೇರತ್ತೆ?”

ಒಂದರ ಅಂಚನ್ನು ಇಕ್ಕಳದಿಂದ ಸುತ್ತಲೂ ಒತ್ತುತ್ತಾ ಬಂದ. ತಗಡು ಅಲೆಯಲೆಯಾಗಿ ಮುದುಡಿತು, ಬಾಯಿ ಕಿರಿದಾಯಿತು. ಈಗ ಅದು ಇನ್ನೊಂದರೊಳಗೆ ಸರಕ್ಕನೆ ಇಳಿಯಿತು.

ದರ್ಜಿ ಬಗ್ಗಿ ನೋಡಿದ. “ಇದು ನೆರಿಗೆ ಅಲ್ವಾ ಮಾವ? ಅಂಗಿ ತೋಳಿಗೆ ನಾವೂ ಹಿಂಗೇ ಹಿಡಿಯೋದು.”

“ತೋಳಿಗಾ?” ಅಪ್ಪ ಅವನ ಮುಖವನ್ನೇ ನೋಡಿ ಕೇಳಿದ.

“ಹೂಂ. ಅಗಲದ ತೋಳನ್ನ ಚಿಕ್ಕ ಕಂಕುಳಿಗೆ ಕೂರಿಸಬೇಕಲ್ಲ.”

ಅಪ್ಪ ಕೊಳವೆಯ ಅಂಚು ಸವರಿದ. “ಬಟ್ಟೆ ಹೇಳಿದ ಮಾತು ಕೇಳತ್ತೆ, ತಗಡು ಕೇಳಲ್ಲ. ಒಂದು ಕೈ ನೋಡಿ, ಅಳಿಯಂದ್ರೇ.”

ದರ್ಜಿ ಇಕ್ಕಳ ತೆಗೆದುಕೊಂಡು ಕೊಳವೆಯ ಇನ್ನೊಂದು ತುದಿ ಒತ್ತುವುದನ್ನು ಮಗಳು ಬಾಗಿಲಲ್ಲಿ ನಿಂತು ನೋಡಿದಳು.

“ಸೊಟ್ಟಗಾಯ್ತು ಮಾವ.”

“ಆಗದೆ ಇನ್ನೇನು. ಮುಂದಿನ ವಾರ ಬೇಗ ಬನ್ನಿ, ಬೇರೆ ತಗಡು ಕತ್ತರಿಸಿಟ್ಟಿರ್ತೀನಿ.”

“ಅಂತೂ ಇಕ್ಕಳದ ಗುರುತು ಸಿಕ್ತು ಅನ್ನಿ,” ಅಂದಳು ಅಮ್ಮ ಹಿಂದಿನಿಂದ.

ಅಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಅಳಿಯನ ಹೆಬ್ಬೆರಳನ್ನು ಇಕ್ಕಳದ ಹಿಡಿಯ ಮೇಲೆ ಸರಿಯಾಗಿ ಕೂರಿಸುತ್ತಿದ್ದ.